ಹಳೆಯ ಪಿಎಂಬಿ ಬೈಂಡರ್ ಮತ್ತೆ ಜಾಡು ತಡೆಯುತ್ತದೆಯೇ? ಎಂಎಸ್‌ಸಿಆರ್ ಪರೀಕ್ಷೆ ಮಾಡುವ ಮತ್ತು ಓದುವ ಬಗೆ

ಪಾಲಿಮರ್ ಬೆರೆಸಿದ ಡಾಂಬರಿನ, ಅಂದರೆ ಪಿಎಂಬಿ ಹಾಕಿದ ರಸ್ತೆಯನ್ನು ಮಿಲ್ಲಿಂಗ್ ಯಂತ್ರದಿಂದ ಕೆತ್ತಿದಾಗ ಸಿಗುವ ಪುಡಿಯಲ್ಲಿ (ಮುಂದೆ ಆರ್‌ಎಪಿ ಎನ್ನೋಣ) ಇರುವ ಬೈಂಡರ್, ಅಂದರೆ ಕಲ್ಲುಗಳನ್ನು ಅಂಟಿಸುವ ಡಾಂಬರು, ಹೊಸದಕ್ಕಿಂತ ಬಹಳ ಗಟ್ಟಿ. ಹಾಗಾಗಿ "ಗಾಲಿ ಜಾಡಿನ ಚಿಂತೆ ಬೇಡ, ಬಿರುಕಿನ ಚಿಂತೆ ಮಾಡಿ" ಎಂಬ ಮಾತು ಸೈಟುಗಳಲ್ಲಿ ಓಡಾಡುತ್ತಿರುತ್ತದೆ (ಗಾಲಿ ಜಾಡು ಎಂದರೆ ಚಕ್ರಗಳು ಓಡಿ ಓಡಿ ರಸ್ತೆಯಲ್ಲಿ ಬೀಳುವ ತಗ್ಗು). ಇದರಲ್ಲಿ ಅರ್ಧ ಮಾತ್ರ ನಿಜ. ಆ ಗಟ್ಟಿತನ ಬಂದಿರುವುದು ಗಾಳಿ, ಬಿಸಿಗೆ ಡಾಂಬರು ಉತ್ಕರ್ಷಣಗೊಂಡದ್ದರಿಂದ. ಅದೇ ಉತ್ಕರ್ಷಣ ಪಿಎಂಬಿಯಲ್ಲಿ ಬೆರೆಸಿರುವ ಎಸ್‌ಬಿಎಸ್ ಎಂಬ ರಬ್ಬರಿನಂಥ ಪಾಲಿಮರಿನ ಬ್ಯುಟಾಡೈಯೀನ್ ಭಾಗದ ದ್ವಿಬಂಧಗಳ ಮೇಲೂ ದಾಳಿ ಮಾಡಿ ಸರಪಳಿಗಳನ್ನು ತುಂಡರಿಸಿರುತ್ತದೆ. ರಿಜುವನೇಟರ್ ಎಣ್ಣೆ ಬೆರೆಸಿದೊಡನೆ ಗಟ್ಟಿತನ ಇಳಿಯುತ್ತದೆ. ತುಂಡಾದ ಪಾಲಿಮರ್ ಮಾತ್ರ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಎರಡನ್ನು ಬೇರೆಬೇರೆಯಾಗಿ ಅಳೆಯಬೇಕು: ಬೈಂಡರ್ ಎಷ್ಟು ಗಟ್ಟಿ, ಭಾರ ತೆಗೆದ ಮೇಲೆ ಎಷ್ಟು ಹಿಂದಕ್ಕೆ ಮರಳುತ್ತದೆ.

ಬೈಂಡರನ್ನು ತಿರುಚಿ ಅಳೆಯುವ ಹಳೆಯ ಜಿ-ಸ್ಟಾರ್/ಸೈನ್ ಡೆಲ್ಟಾ ಮಾಪನ (ಹೊಸ ಬೈಂಡರಿಗೆ ಕನಿಷ್ಠ 1.0 ಕಿಲೋಪಾಸ್ಕಲ್, ಆರ್‌ಟಿಎಫ್‌ಒ ಎಂಬ ಬಿಸಿ ಓವನ್ನಿನಲ್ಲಿ ಹಳೆಯದಾಗಿಸಿದ ನಂತರ 2.2) ಈ ಎರಡನ್ನೂ ಒಂದೇ ಅಂಕಿಯಲ್ಲಿ ಬೆರೆಸಿಬಿಡುತ್ತದೆ. ಅದರಲ್ಲಿ ಹಳೆಯ ಬೈಂಡರ್ ಯಾವಾಗಲೂ ಪಾಸು. ಇಲ್ಲಿ ಉಪಯೋಗಕ್ಕೆ ಬರುವುದು ಆಶ್ಟೋ ಟಿ 350 ಅಥವಾ ಎಎಸ್‌ಟಿಎಂ ಡಿ 7405 ಮಾನಕದ ಎಂಎಸ್‌ಸಿಆರ್ ಪರೀಕ್ಷೆ: ಬೈಂಡರಿನ ಮೇಲೆ ಒತ್ತಡ ಹಾಕಿ, ಬಿಟ್ಟು, ಎಷ್ಟು ಮರಳುತ್ತದೆಂದು ಮತ್ತೆ ಮತ್ತೆ ಅಳೆಯುವುದು.

ಆರ್‌ಎಪಿಯಿಂದ ಬೈಂಡರ್ ತೆಗೆಯುವುದು

ಫಲಿತಾಂಶ ಕೆಡುವುದು ಹೆಚ್ಚಾಗಿ ಇಲ್ಲೇ. ಬೈಂಡರನ್ನು ಎರಡು ತಟ್ಟೆಗಳ ನಡುವೆ ತಿರುಚಿ ಅಳೆಯುವ ಡಿಎಸ್‌ಆರ್ ಯಂತ್ರದ ಮೇಲೆ ಸುಮ್ಮನೆ ಅಪವಾದ ಬರುತ್ತದೆ.

ರಾಶಿಯ ಮೂರ‍್ನಾಲ್ಕು ಕಡೆಯಿಂದ, ಮೇಲಿನ ಒಣ ಪದರ ಸರಿಸಿ, ಮಾದರಿ ತೆಗೆದು ನಾಲ್ಕು ಭಾಗ ಮಾಡುತ್ತಾ ತಗ್ಗಿಸಿ. ಆರ್‌ಎಪಿಯಲ್ಲಿ 4.5% ಬೈಂಡರ್ ಇದ್ದರೆ 3 ಕೆಜಿಗೆ ಸಿಗುವುದು 135 ಗ್ರಾಂ. ನಷ್ಟ ಕಳೆದರೆ ಮೂರು ಆರ್‌ಟಿಎಫ್‌ಒ ಬಾಟಲಿಗೆ ಸಾಕು. ಅದಕ್ಕಿಂತ ಕಡಿಮೆ ತೆಗೆದುಕೊಂಡು ಕೂರಬೇಡಿ. ದ್ರಾವಕವಾಗಿ ಟ್ರೈಕ್ಲೋರೋಎಥಿಲೀನ್ ಅಥವಾ ಟಾಲ್ಯೂಯೀನ್ ಬಳಸಬಹುದು. ಮೊದಲನೆಯದು ಕ್ಯಾನ್ಸರ್‌ಕಾರಕ, ಎರಡನೆಯದು ಬೆಂಕಿಗೆ ಸುಲಭವಾಗಿ ಸಿಗುವಂಥದ್ದು. ಎರಡಕ್ಕೂ ಫ್ಯೂಮ್ ಹುಡ್ ಬೇಕೇ ಬೇಕು.

ದ್ರಾವಣವನ್ನು ಸೋಸಿದರಷ್ಟೇ ಸಾಲದು, ಹೆಚ್ಚು ವೇಗದ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ನುಣ್ಣನೆಯ ಕಲ್ಲುಪುಡಿ ತೆಗೆಯಿರಿ. ಉಳಿದ ಪುಡಿ ಬೈಂಡರನ್ನು ಸುಳ್ಳೇ ಗಟ್ಟಿ ಮಾಡಿ ತೋರಿಸುತ್ತದೆ. ಉಳಿದ ದ್ರಾವಕ ಇದಕ್ಕೆ ತದ್ವಿರುದ್ಧ: ಒಂದಿಷ್ಟು ಉಳಿದರೂ ಗಟ್ಟಿತನ ಬಹಳಷ್ಟು ಕುಸಿಯುತ್ತದೆ. ಎರಡೂ ಒಟ್ಟಿಗೆ ಆದರೆ ಒಂದನ್ನೊಂದು ಮುಚ್ಚಿಕೊಂಡು ಅಂಕಿ ಸರಿಯಾಗೇ ಕಾಣಬಹುದು. ಅದು ಎಲ್ಲಕ್ಕಿಂತ ಅಪಾಯ. ರೋಟರಿ ಇವ್ಯಾಪೊರೇಟರಿನಲ್ಲಿ ನಿರ್ವಾತ ಹಾಗೂ ನೈಟ್ರೋಜನ್ ಹರಿವಿನಲ್ಲಿ ದ್ರಾವಕವನ್ನು ಪೂರ್ತಿ ಹೊರಹಾಕಿ. ಉಳಿದಿದೆಯೋ ಇಲ್ಲವೋ ನೋಡಲು ಸುಲಭ ದಾರಿ: ಒಂದು ಮಾದರಿಯನ್ನು ಡಿಎಸ್‌ಆರ್‌ನಲ್ಲಿ ಅಳೆಯಿರಿ, ಫ್ಲಾಸ್ಕನ್ನು ಇನ್ನೂ 15 ನಿಮಿಷ ಅದೇ ಬಿಸಿಯಲ್ಲಿ ತಿರುಗಿಸಿ ಮತ್ತೆ ಅಳೆಯಿರಿ. ಅಂಕಿ ಎದ್ದು ಕಾಣುವಷ್ಟು ಏರಿದರೆ ದ್ರಾವಕ ಇನ್ನೂ ಇತ್ತೆಂದೇ ಅರ್ಥ.

ಇನ್ನೊಂದು ಪರಿಶೀಲನೆಯನ್ನು ಬಹಳ ಜನ ಮಾಡುವುದೇ ಇಲ್ಲ. ಗುಣ ತಿಳಿದ ಹೊಸ ಪಿಎಂಬಿಯನ್ನು ಇದೇ ದ್ರಾವಕದಲ್ಲಿ ಕರಗಿಸಿ, ಇದೇ ರೀತಿ ಮರಳಿ ಪಡೆದು, ಮೊದಲಿನ ಮತ್ತು ನಂತರದ ಎಂಎಸ್‌ಸಿಆರ್ ಅಂಕಿ ಹೋಲಿಸಿ. ಆ ವ್ಯತ್ಯಾಸವೇ ನಿಮ್ಮ ವಿಧಾನದ ದೋಷದ ಅಳತೆ. ರಸ್ತೆಯಲ್ಲಿ ಇದ್ದದ್ದು ಟಯರ್ ಪುಡಿ ಬೆರೆಸಿದ ಸಿಆರ್‌ಎಂಬಿ ಆಗಿದ್ದರೆ ಈ ದಾರಿಯೇ ಬೇಡ: ರಬ್ಬರ್ ಕಣಗಳು ಕರಗದೆ ಜರಡಿಯಲ್ಲೇ ಉಳಿಯುತ್ತವೆ, ಕೈಗೆ ಬರುವುದು ಬೇರೆಯೇ ಬೈಂಡರ್.

ಪ್ರಯೋಗಾಲಯದಲ್ಲೇ ಹಳೆಯದಾಗಿಸುವುದು

ಆರ್‌ಎಪಿ ಇನ್ನೂ ಕೈಗೆ ಬಂದಿಲ್ಲದಿದ್ದರೆ ಹೊಸ ಪಿಎಂಬಿಯನ್ನೇ ಹಳೆಯದಾಗಿಸಬಹುದು. ಆರ್‌ಟಿಎಫ್‌ಒ: ಬಾಟಲಿಗೆ 35 ಗ್ರಾಂ, 163°ಸೆ, ನಿಮಿಷಕ್ಕೆ 15 ಸುತ್ತು, 4 ಲೀಟರ್ ಗಾಳಿ, 85 ನಿಮಿಷ. ನಂತರ ಪಿಎವಿ, ಅಂದರೆ ಒತ್ತಡದ ಗಾಳಿಯಲ್ಲಿ ಹಳೆಯದಾಗಿಸುವ ಪಾತ್ರೆ: ತಟ್ಟೆಗೆ 50 ಗ್ರಾಂ, 2.1 ಮೆಗಾಪಾಸ್ಕಲ್, 100°ಸೆ, 20 ಗಂಟೆ. ಮೇಲ್ಪದರದ ಹಳೆಯ ಬೈಂಡರಿಗೆ ಹತ್ತಿರ ಬರಬೇಕಾದರೆ 40 ಗಂಟೆ ಇಡುವುದು ವಾಸಿ. ಪಿಎವಿಯಿಂದ ತೆಗೆದ ಮೇಲೆ 170°ಸೆ ನಿರ್ವಾತ ಓವನ್ನಿನಲ್ಲಿ 30 ನಿಮಿಷ ಇಟ್ಟು ಗುಳ್ಳೆ ತೆಗೆಯಿರಿ. ಗುಳ್ಳೆ ಉಳಿದರೆ ಡಿಎಸ್‌ಆರ್ ಅಂಕಿ ಕುಣಿಯುತ್ತದೆ.

ಪಾಲಿಮರ್ ಹೆಚ್ಚಿರುವ ಬೈಂಡರ್ ಆರ್‌ಟಿಎಫ್‌ಒ ಬಾಟಲಿಯಲ್ಲಿ ತೆಳುವಾಗಿ ಹರಡದೆ ಮುದ್ದೆಯಾಗಿ ಉರುಳುತ್ತದೆ, ಕೆಲವೊಮ್ಮೆ ಬಾಯಿಯಿಂದ ಹೊರಗೇ ಬರುತ್ತದೆ. ಮುದ್ದೆಯಾದರೆ ಹೊರಮೈಯಷ್ಟೇ ಹಳೆಯದಾಗುತ್ತದೆ. ಬಾಟಲಿಗಳನ್ನು ಹೊರತೆಗೆದಾಗ ಒಳಗೋಡೆಯೆಲ್ಲ ಒಂದೇ ಸಮನೆ ಲೇಪವಾಗಿದೆಯೇ ನೋಡಿ. ಆಗದಿದ್ದರೆ ಆ ಮಾದರಿ ಬಿಟ್ಟುಬಿಡಿ.

ಬೆರೆಸುವುದು

ಲೆಕ್ಕ ಬೈಂಡರ್ ತೂಕದ ಮೇಲಿರಬೇಕು, ಆರ್‌ಎಪಿ ತೂಕದ ಮೇಲಲ್ಲ. ಮಿಶ್ರಣದಲ್ಲಿ 30% ಆರ್‌ಎಪಿ, ಅದರಲ್ಲಿ 4.5% ಬೈಂಡರ್, ಒಟ್ಟು ಬೈಂಡರ್ 5.4% ಎಂದಿಟ್ಟುಕೊಳ್ಳಿ. ಹಳೆಯದರಿಂದ ಬರುವುದು 1.35%, ಅಂದರೆ ಒಟ್ಟು ಬೈಂಡರಿನ ಕಾಲುಭಾಗ.

ಹಳೆಯ ಬೈಂಡರನ್ನು ಮುಚ್ಚಿದ ಡಬ್ಬಿಯಲ್ಲಿ 160°ಸೆ ಆಸುಪಾಸಿನಲ್ಲಿ ಕರಗಿಸಿ, ರಿಜುವನೇಟರನ್ನು ಮೊದಲು ಅದಕ್ಕೇ ಹಾಕಿ ನಿಧಾನದ ಕಲಕುವ ಯಂತ್ರದಲ್ಲಿ 20–30 ನಿಮಿಷ ಕಲಕಿ, ಆಮೇಲೆ ಬಿಸಿ ಮಾಡಿದ ಹೊಸ ಪಿಎಂಬಿ ಸೇರಿಸಿ. ಹೈ-ಶಿಯರ್ ಮಿಕ್ಸರ್ ಬೇಡ, ಗಾಳಿಯೂ ಸೇರುತ್ತದೆ, ಉಳಿದ ಪಾಲಿಮರಿಗೂ ಏಟು. ಒಂದೇ ಡಬ್ಬಿಯನ್ನು ಮತ್ತೆ ಮತ್ತೆ ಕಾಯಿಸುವುದೂ ಅಷ್ಟೇ ಕೆಟ್ಟದ್ದು. ಕರಗಿದ ದಿನವೇ ಸಣ್ಣ ಡಬ್ಬಿಗಳಿಗೆ ಹಂಚಿಟ್ಟುಕೊಳ್ಳಿ.

ರಿಜುವನೇಟರ್ ಪ್ರಮಾಣಕ್ಕೆ ಕನಿಷ್ಠ ಮೂರು ಬಿಂದು ಬೇಕು: ಸೊನ್ನೆ, ತಯಾರಕರು ಹೇಳಿದ್ದು, ಅದರ ಒಂದೂವರೆ ಪಟ್ಟು. ಮೇಲ್ಮಿತಿ ಉಷ್ಣಾಂಶ (ಬೈಂಡರ್ ಜಾಡಿಗೆ ತಡೆದುಕೊಳ್ಳುವ ಅತಿ ಹೆಚ್ಚಿನ ಬಿಸಿ) ಪ್ರಮಾಣಕ್ಕೆ ತಕ್ಕಂತೆ ಹೆಚ್ಚೂಕಡಿಮೆ ನೇರ ಗೆರೆಯಲ್ಲಿ ಇಳಿಯುವುದರಿಂದ ನಡುವಿನ ಬೆಲೆ ಗ್ರಾಫಿನಲ್ಲೇ ಸಿಗುತ್ತದೆ. ಬಿರುಕಿಗೆ ಬೇಕಾದ ಕನಿಷ್ಠ ಪ್ರಮಾಣ, ಜಾಡಿಗೆ ತಡೆದುಕೊಳ್ಳುವ ಗರಿಷ್ಠ ಪ್ರಮಾಣ ಎರಡನ್ನೂ ಗುರುತಿಸಿ. ಕನಿಷ್ಠದ ಹತ್ತಿರವೇ ಇರಿ. ಬೆರೆಸಿದ್ದನ್ನು ಮತ್ತೆ ಆರ್‌ಟಿಎಫ್‌ಒಗೆ ಹಾಕಿಯೇ ಎಂಎಸ್‌ಸಿಆರ್ ಮಾಡಿ, ಅದು ಹಾಟ್‌ಮಿಕ್ಸ್ ಪ್ಲಾಂಟಿನಲ್ಲಿ ಇನ್ನೊಮ್ಮೆ ಕಾಯುವ ಬೈಂಡರ್ ತಾನೆ. ಅಲ್ಲಿ ತೂಕ ನಷ್ಟ 1% ದಾಟಿದರೆ ಎಣ್ಣೆ ಹಾರಿಹೋಗುತ್ತಿದೆ. ಸೊಗಸಾದ ಜಾಡಿನ ಅಂಕಿ ಅದರಿಂದಲೇ ಬಂದಿರಬಹುದು.

ಎಂಎಸ್‌ಸಿಆರ್

25 ಮಿಮೀ ತಟ್ಟೆ, 1 ಮಿಮೀ ಅಂತರ. 1.05 ಮಿಮೀ ಅಂತರದಲ್ಲಿ ಬಿಸಿ ಸ್ಪ್ಯಾಚುಲಾದಿಂದ ಅಂಚು ಸವರಿ, ನಂತರ 1ಕ್ಕೆ ಇಳಿಸಿ. ಅಂಚು ಕೊಂಚ ಉಬ್ಬಿರಬೇಕು. ಹಳೆಯ ಬೈಂಡರ್ ತಟ್ಟೆಗೆ ಸರಿಯಾಗಿ ಅಂಟದೆ ಜಾರುತ್ತದೆ. ತಟ್ಟೆಗಳನ್ನು ಬಿಸಿ ಮಾಡಿಕೊಂಡು ಮಾದರಿ ಇಡಿ, ಉಷ್ಣಾಂಶ ನೆಲೆಗೊಂಡ ಮೇಲೆ 10 ನಿಮಿಷ ಬಿಟ್ಟು ಶುರುಮಾಡಿ.

ಪ್ರತಿ ಸುತ್ತಿನಲ್ಲಿ 1 ಸೆಕೆಂಡ್ ಒತ್ತಡ, 9 ಸೆಕೆಂಡ್ ಬಿಡುವು. 0.1 ಕಿಲೋಪಾಸ್ಕಲ್‌ನಲ್ಲಿ 20 ಸುತ್ತು (ಮೊದಲ ಹತ್ತು ಲೆಕ್ಕಕ್ಕಿಲ್ಲ), ತಕ್ಷಣ 3.2ರಲ್ಲಿ 10 ಸುತ್ತು. ಒಂದು ಉದಾಹರಣೆ: 3.2 ಕಿಲೋಪಾಸ್ಕಲ್‌ನಲ್ಲಿ ವಿಕೃತಿ 4.0ಕ್ಕೆ ಏರಿ, ಬಿಡುವಿನ ಕೊನೆಗೆ 1.6 ಉಳಿದರೆ, ಜೆಎನ್‌ಆರ್ (ಪ್ರತಿ ಕಿಲೋಪಾಸ್ಕಲ್ ಒತ್ತಡಕ್ಕೆ ಮರಳದೆ ಉಳಿದ ವಿಕೃತಿ) = 1.6 ÷ 3.2 = 0.5; ಮರಳಿಕೆ = 2.4 ÷ 4.0 = 60%. ಹತ್ತೂ ಸುತ್ತಿನ ಸರಾಸರಿ ತೆಗೆಯಿರಿ. ಆಶ್ಟೋ ಎಂ 332ರ ಪ್ರಕಾರ ಜೆಎನ್‌ಆರ್ 4.5ರ ಒಳಗಿದ್ದರೆ ಸಾಮಾನ್ಯ ಸಂಚಾರ, 2.0 ಭಾರಿ, 1.0 ಅತಿಭಾರಿ, 0.5ರ ಒಳಗೆ ವಿಪರೀತ ಸಂಚಾರ. ಬಳ್ಳಾರಿ–ಸಂಡೂರು ಭಾಗದ ಅದಿರು ಲಾರಿ ರಸ್ತೆಗಳಂಥ ಕಡೆ ಕೊನೆಯ ದರ್ಜೆಗಿಂತ ಕಡಿಮೆ ದರ್ಜೆಯದನ್ನು ಒಪ್ಪಬೇಡಿ.

ಉಷ್ಣಾಂಶದ ಆಯ್ಕೆಯಲ್ಲಿ ಪದೇಪದೇ ಎಡವುತ್ತಾರೆ. ಬೈಂಡರ್ ಹೆಸರಲ್ಲಿ 76 ಇದೆಯೆಂದು 76°ಸೆಯಲ್ಲೇ ಮಾಡಿದರೆ ರಸ್ತೆಯ ಕಥೆ ತಿಳಿಯದು. ಆ ಊರಿನ ರಸ್ತೆಯ ವಿನ್ಯಾಸ ಉಷ್ಣಾಂಶ 64 ಅಥವಾ 70 ಆಗಿದ್ದರೆ ಅಲ್ಲೇ ಮಾಡಿ; ಟೆಂಡರ್ ಪಿಎಂಬಿಯ ಭಾರತೀಯ ಮಾನಕ ಐಎಸ್ 15462ರ ಮೇಲಿದ್ದರೆ ಅದು ಹೇಳುವ ಉಷ್ಣಾಂಶದಲ್ಲಿ ಇನ್ನೊಂದು ಮಾದರಿ ಓಡಿಸಿ. ಹಳೆಯ ಬೈಂಡರ್ 64ರಲ್ಲಿ ಅಲುಗಾಡದಷ್ಟು ಗಟ್ಟಿಯಿದ್ದು ಮರಳಿಕೆ 100% ದಾಟಿದಂತೆ ತೋರಿದರೆ ಅದು ಯಂತ್ರದ ಗದ್ದಲ. 6°ಸೆ ಹೆಚ್ಚಿಸುತ್ತಾ ಹೋಗಿ. ಎರಡು ಒತ್ತಡಗಳ ಜೆಎನ್‌ಆರ್ ವ್ಯತ್ಯಾಸ 75% ಮೀರಬಾರದೆಂಬ ಷರತ್ತೂ ಇಲ್ಲಿ ದಾರಿ ತಪ್ಪಿಸುತ್ತದೆ. 0.02 ಇದ್ದದ್ದು 0.05 ಆದರೆ ವ್ಯತ್ಯಾಸ 150%, ಆದರೂ ಎರಡೂ ನಗಣ್ಯ ಅಂಕಿಗಳೇ.

ಅಂಕಿಯನ್ನು ಓದುವುದು

ಜೆಎನ್‌ಆರ್ ಕಡಿಮೆ ಎಂದಷ್ಟೇ ನೋಡಿ ಸಹಿ ಹಾಕಬೇಡಿ. ಮರಳಿಕೆಗೆ ಕನಿಷ್ಠ ಗೆರೆಯೊಂದಿದೆ: 29.371ನ್ನು ಜೆಎನ್‌ಆರ್‌ನ -0.2633 ಘಾತದಿಂದ ಗುಣಿಸಬೇಕು. ಜೆಎನ್‌ಆರ್ 1.0ಕ್ಕೆ ಇದು 29%, 0.5ಕ್ಕೆ 35%, 0.2ಕ್ಕೆ 45%. ಮೇಲಿನ ಉದಾಹರಣೆಯ 60% ಗೆರೆಯ ಮೇಲೆ ಚೆನ್ನಾಗೇ ಇದೆ. ಗೆರೆಯ ಕೆಳಗೆ ಬಿದ್ದರೆ ಆ ಬೈಂಡರ್ ಜಾಡು ತಡೆಯುತ್ತಿರುವುದು ಗಟ್ಟಿತನದಿಂದ ಮಾತ್ರ.

ಇನ್ನೂ ಖಚಿತವಾಗಿ ತಿಳಿಯಲು ಹೊಸ ಪಿಎಂಬಿ, ಹಳೆಯದು, ರಿಜುವನೇಟರ್ ಹಾಕಿದ್ದು ಮೂರನ್ನೂ ಒಂದೇ ಉಷ್ಣಾಂಶದಲ್ಲಿ ಹೋಲಿಸದೆ ಒಂದೇ ಜೆಎನ್‌ಆರ್‌ನಲ್ಲಿ ಹೋಲಿಸಿ. ಪ್ರತಿಯೊಂದರ ಜೆಎನ್‌ಆರ್ 0.5 ಆಗುವ ಉಷ್ಣಾಂಶ ಹುಡುಕಿ, ಅಲ್ಲಿನ ಮರಳಿಕೆ ಬರೆದುಕೊಳ್ಳಿ. ಗಟ್ಟಿತನದ ಮುಸುಕು ಆಗ ಸರಿಯುತ್ತದೆ. ಹೊಸದಕ್ಕೂ ರಿಜುವನೇಟರ್ ಹಾಕಿದ್ದಕ್ಕೂ ದೊಡ್ಡ ಅಂತರ ಉಳಿದರೆ ಎಣ್ಣೆ ಹೆಚ್ಚಿಸಿ ಕಡಿಮೆ ಮಾಡಿ ಪ್ರಯೋಜನವಿಲ್ಲ; ಎಸ್‌ಬಿಎಸ್ ಹೆಚ್ಚಿರುವ ಹೊಸ ಬೈಂಡರ್ ಬೇಕು, ಇಲ್ಲವೇ ಆರ್‌ಎಪಿ ಪಾಲು ಇಳಿಸಬೇಕು. ಎಫ್‌ಟಿಐಆರ್ (ಅವಕೆಂಪು ಕಿರಣದಿಂದ ರಾಸಾಯನಿಕ ಬಂಧ ಗುರುತಿಸುವ ಯಂತ್ರ) ಇದ್ದರೆ 966 ಸೆಂಮೀ⁻¹ರ ಬ್ಯುಟಾಡೈಯೀನ್ ಶಿಖರ ಕುಗ್ಗಿ 1700ರ ಕಾರ್ಬೊನಿಲ್ ಏರಿದ್ದು ಇದಕ್ಕೆ ಸಾಕ್ಷಿ. 699ರ ಪಾಲಿಸ್ಟೈರೀನ್ ಶಿಖರವನ್ನು ಟಾಲ್ಯೂಯೀನ್‌ನಿಂದ ತೆಗೆದ ಮಾದರಿಯಲ್ಲಿ ನಂಬಬೇಡಿ. ಟಾಲ್ಯೂಯೀನಿನ ಶಿಖರವೂ ಅಲ್ಲೇ ಪಕ್ಕದಲ್ಲಿ ಬೀಳುತ್ತದೆ.

ಪ್ಲಾಂಟಿನಲ್ಲಿ ಏನಾಗುತ್ತದೆ

ಡಬ್ಬಿಯಲ್ಲಿ ಹಳೆಯದು ಹೊಸದು ನೂರಕ್ಕೆ ನೂರು ಬೆರೆಯುತ್ತವೆ, ಡ್ರಮ್ಮಿನಲ್ಲಿ ಹಾಗಲ್ಲ. ಆರ್‌ಎಪಿ ಒದ್ದೆಯಿದ್ದು ಸರಿಯಾಗಿ ಕಾಯದಿದ್ದರೆ ಹಳೆಯ ಬೈಂಡರ್ ಕಲ್ಲಿಗೇ ಅಂಟಿಕೊಂಡಿರುತ್ತದೆ, ರಿಜುವನೇಟರ್ ಪೂರ್ತಿ ಹೊಸ ಪಿಎಂಬಿಗೆ ಸೇರಿ ಅದನ್ನು ಮೆತ್ತಗಾಗಿಸುತ್ತದೆ. ಮೊದಲ ಬೇಸಿಗೆಯಲ್ಲೇ ಜಾಡು ಬೀಳುವ ರಸ್ತೆಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಮಿಶ್ರಣದಿಂದ ಬೈಂಡರ್ ತೆಗೆದು ನೋಡಿದರೆ ಈ ದೋಷ ಕಾಣುವುದಿಲ್ಲ, ದ್ರಾವಕ ಎಲ್ಲವನ್ನೂ ಬೆರೆಸಿಬಿಟ್ಟಿರುತ್ತದೆ. ಪ್ಲಾಂಟಿನಿಂದ ಬಂದ ಮಿಶ್ರಣವನ್ನೇ ಹ್ಯಾಂಬರ್ಗ್ ಚಕ್ರ ಪರೀಕ್ಷೆಗೆ ಹಾಕಿ: 50°ಸೆ ನೀರು, ಸುಮಾರು 705 ನ್ಯೂಟನ್ ಭಾರ, 20,000 ಓಟ, ಜಾಡಿನ ಆಳ 12.5 ಮಿಮೀ ಒಳಗಿರಬೇಕು. ರಿಜುವನೇಟರನ್ನು ಹೊಸ ಬೈಂಡರ್ ಟ್ಯಾಂಕಿಗೆ ಹಾಕದೆ ಸಾಗಣೆ ಬೆಲ್ಟಿನ ಮೇಲೆ ಆರ್‌ಎಪಿಗೇ ಸಿಂಪಡಿಸಿ ಇನ್ನೊಂದು ಮಾದರಿ ತೆಗೆಯಿರಿ. ಎರಡನೆಯದರಲ್ಲಿ ಜಾಡು ಗಮನಾರ್ಹವಾಗಿ ಕಡಿಮೆಯಾದರೆ ಬೈಂಡರ್ ವಿನ್ಯಾಸ ಮುಟ್ಟಬೇಡಿ, ಸಿಂಪಡಿಸುವ ಜಾಗ ಮತ್ತು ಆರ್‌ಎಪಿ ರಾಶಿಯ ತೇವ ಸರಿಪಡಿಸಿ.