ಲೀವರ್ಡ್ ಯಾವ ಕಡೆ? ಹಿನ್ನೀರಿಗೆ ಇಳಿಯುವವರಿಗೆ

ಹಡಗಿನವರ ಮಾತಿನಲ್ಲಿ ಗಾಳಿ ಬರುವ ಬದಿ ವಿಂಡ್‌ವರ್ಡ್, ಗಾಳಿ ಹೋಗುವ ಬದಿ ಲೀವರ್ಡ್. ಗಾಳಿ ತಿರುಗಿದರೆ ಬದಿಗಳೂ ಅದಲುಬದಲು.

ಲಿಂಗನಮಕ್ಕಿ ಹಿನ್ನೀರಿಗೆ ಹೊಸದಾಗಿ ದೋಣಿ ಇಳಿಸುವ ಹುಡುಗರಿಗೆ ನಾನು ಹೇಳುವುದಿಷ್ಟು: ದೋಣಿ ನಿಂತಿರುವಾಗಲೇ ಪರೀಕ್ಷಿಸಿ, ಓಡುವ ದೋಣಿ ತಾನೇ ಗಾಳಿ ಹುಟ್ಟಿಸಿ ಮೋಸ ಮಾಡುತ್ತದೆ. ಎರಡೂ ಕಿವಿಗಳಿಗೆ ಗಾಳಿಯ ಸದ್ದು ಸಮನಾಗಿ ಕೇಳುವವರೆಗೆ ಮುಖವನ್ನು ಗಾಳಿಯತ್ತ ತಿರುಗಿಸಿ. ಎದುರಿನದು ವಿಂಡ್‌ವರ್ಡ್, ಬೆನ್ನಿನ ಕಡೆಯದು ಲೀವರ್ಡ್. ಹವಾಮಾನ ವರದಿಯ ನೈಋತ್ಯ ಗಾಳಿ ನೈಋತ್ಯದಿಂದ ಬರುವಂಥದು, ದಿಕ್ಸೂಚಿಯಲ್ಲಿ 225 ಡಿಗ್ರಿ.

ಜಾಣರೂ ಎಡವುವುದು ದಡದ ಲೆಕ್ಕದಲ್ಲಿ. ನಡುಗಡ್ಡೆಯ ಲೀವರ್ಡ್ ಬದಿಯಲ್ಲಿ ಗಾಳಿಗೆ ಮರೆಯಿರುತ್ತದೆ, ಅಲೆ ತಗ್ಗಿರುತ್ತದೆ. ಲಂಗರು ಅಲ್ಲಿ ಹಾಕಿ. ಆದರೆ ನಿಮ್ಮ ದೋಣಿಯಿಂದ ನೋಡಿದಾಗ ಲೀವರ್ಡ್ ಕಡೆಗಿರುವ ದಡ ಅಪಾಯದ್ದು. ಎಂಜಿನ್ ನಿಂತರೆ ಗಾಳಿ ನಿಮ್ಮನ್ನು ಅತ್ತಲೇ ತಳ್ಳುತ್ತದೆ, ಮುಳುಗಿದ ಮರಗಳ ಬೊಡ್ಡೆಗಳ ಮೇಲಕ್ಕೆ. ಆ ದಡದಿಂದ ದೂರವಿರಿ.

ಬೆಟ್ಟಕ್ಕೂ ಇದೇ ಲೆಕ್ಕ. ಮುಂಗಾರಿನಲ್ಲಿ ಆಗುಂಬೆ ಗಾಳಿಗೆ ಎದೆಯೊಡ್ಡಿ ನೆನೆಯುತ್ತದೆ. ಘಟ್ಟದ ಮರೆಯ ಶಿವಮೊಗ್ಗಕ್ಕೆ ಅದರ ಸಣ್ಣ ಪಾಲಷ್ಟೇ ಮಳೆ.

ಹಾಯಿ ದೋಣಿಯವರಿಗೆ ಇನ್ನೊಂದು: ಎರಡು ಹಾಯಿ ದೋಣಿಗಳು ಹತ್ತಿರ ಬರುವಾಗ ಎರಡಕ್ಕೂ ಗಾಳಿ ಒಂದೇ ಬದಿಯಿಂದ ಬೀಸುತ್ತಿದ್ದರೆ ವಿಂಡ್‌ವರ್ಡ್‌ನಲ್ಲಿರುವುದು ದಾರಿ ಬಿಡಬೇಕು. ಇದು ಅಂತರರಾಷ್ಟ್ರೀಯ ನಿಯಮ. ದೋಣಿಯೊಳಗಿನ ನೀರನ್ನು ಮೊಗೆದು ಚೆಲ್ಲುವುದು, ಎಲೆಯಡಿಕೆ ಉಗುಳುವುದು ಮಾತ್ರ ಲೀವರ್ಡ್ ಕಡೆಗೇ; ಪಕ್ಕದಲ್ಲಿ ಕುಳಿತವರ ಬಿಳಿ ಪಂಚೆಯ ಮೇಲೆ ಕರುಣೆಯಿರಲಿ.