ಡ್ರ್ಯಾಗಿಗೆ ಸ್ಟೆಪ್ನಿ ಗಾಲಿ: ಪುಣೆಯೊಳಗ ನಾ ಮಾಡಿ ನೋಡಿದ್ದು

ಡ್ರ್ಯಾಗ್ ಅಂದ್ರ ಸೀದಾ ಪಟ್ಟಿ ಮ್ಯಾಲೆ ಕಾಲು ಮೈಲಿ ರೇಸು; ಅದಕ್ಕ ಹಗುರ ಸ್ಟೆಪ್ನಿ ಗಾಲಿ ಹಚ್ಚಬಹುದೇನು ಅಂತ ಕೇಳಾವ್ರಿಗೆ ಮೊದ್ಲ ಉತ್ತರ ಹೇಳಿಬಿಡ್ತೇನಿ. ಸ್ಪೇಸ್ ಸೇವರ್ (ತಾತ್ಪೂರ್ತಿಕ ಸಪೂರ) ಸ್ಟೆಪ್ನಿ ಹಚ್ಚಿ ಡ್ರ್ಯಾಗ್ ಓಡಿಸೂದು ಸೇಫ್ ಅಲ್ಲ, ಮುಂದ ಹಚ್ಚಿದ್ರೂ ಅಲ್ಲ, ಹಿಂದಂತೂ ಕೇಳೂದ ಬ್ಯಾಡ. ಆದ್ರ ಅದರ ಹಿಂದಿನ ಐಡಿಯಾ ಖರೇನ ಐತಿ, ಹಿಂದಿನ ಗಾಲಿ ಎಳೆಯೂ (ರೇರ್ ವ್ಹೀಲ್ ಡ್ರೈವ್) ಗಾಡಿಗೆ ಮುಂದಿನ ಗಾಲಿ ಸಪೂರ ಇದ್ರ ಲಾಭ ಐತಿ. ಆ ಐಡಿಯಾ ಇಟ್ಕೊಂಡು ಸ್ಟೆಪ್ನಿ ಬಿಟ್ಟು ನನ್ನ ಬಿಎಂಡಬ್ಲ್ಯೂ ಇ46 325ಐಗೆ ಒಂದು ಸೆಟ್ ಕೂಡಿಸೀನಿ, ಹೋದ ಚಳಿಗಾಲದಾಗ ಅದು ಟೈಮ್ ಕೊಟ್ಟೈತಿ. ಭೋಸರಿ ಗ್ಯಾರೇಜಿನ್ಯಾಗ "ಬಿಎಂಡಬ್ಲ್ಯೂಗೆ ಸಣ್ಣ ಗಾಡಿ ಟೈರಾ?" ಅಂತ ನಕ್ಕವ್ರ ಈಗ ಸೈಜ್ ಕೇಳಾಕತ್ತಾರ, ಅದಕ್ಕ ಬರಿಯಾಕತ್ತೀನಿ.

ಶುರು ಆಗಿದ್ದು ಸ್ಟೆಪ್ನಿಯಿಂದನ. ಮುಂಬೈ ಕುರ್ಲಾದ ಸಿಎಸ್‌ಟಿ ರೋಡಿನ್ಯಾಗ ಟಿ115/90 ಆರ್16 ಸೈಜಿನ ಸ್ಟೆಪ್ನಿ ಜೋಡಿ ಸಿಕ್ತು, ಒಂಬತ್ತು ಸಾವಿರ ಅಂದಾಂವ ಆರಕ್ಕ ಇಳದ. ಟೈರ್ ಮ್ಯಾಲೆ ಡೇಟ್ ಕೋಡ್ ನೋಡಿದ್ರ ಕೊನೀ ಎರಡು ಅಂಕಿ 03, ಅಂದ್ರ 2003ರ ಮಾಲು. ಅಂಗಡಿಯಂವ ಕಲಬುರಗಿ ಕಡೆಯಂವ, "ಅಣ್ಣಾ, ಒಂದಿನಾನೂ ನೆಲಾ ಮುಟ್ಟಿಲ್ಲ ಇದು, ಹೊಸಾದೇ ಅದ" ಅಂದ. ನೆಲಾ ಮುಟ್ಟಿಲ್ಲ ಖರೆ, ಆದ್ರ ಡಿಕ್ಕಿಯೊಳಗ ಕುಂತು ಕುಂತು ರಬ್ಬರ್ ಒಣಗಿತ್ತು, ಸಾಲಿನ ತಳದಾಗ ಉಗುರು ಒತ್ತಿದ್ರ ಕೂದಲಷ್ಟು ಸೀಳು ಬಾಯಿ ಬಿಡ್ತಿದ್ವು. ಹಿಂಗಾಗಿ ಇನ್ನೊಂದು ಜೋಡಿ ಹುಡುಕಿ ಮತ್ತ ನಾಕೈದು ಸಾವಿರ ಹೋತು.

ತೂಕದ ಲೆಕ್ಕ ನೋಡಿದ್ರ ಆಸೆ ಆಗ್ತೈತಿ. ನಂದು 17 ಇಂಚಿನ ಅಲಾಯ್ 225/45 ಟೈರ್ ಸಮೇತ ಇಪ್ಪತ್ತು ಕೆಜಿ ಆಸುಪಾಸು, ಸ್ಟೆಪ್ನಿ ಹನ್ನೆರಡು. 60 ಪಿಎಸ್‌ಐ ಗಾಳಿ ತುಂಬಿ ಒಂದು ಖಾಸಗಿ ಪಟ್ಟಿ ಮ್ಯಾಲೆ ಬಿಟ್ವಿ (ಎಲ್ಲಿ ಅಂತ ಕೇಳಬ್ಯಾಡ್ರಿ), ಎಳತ ಚುಲೋ ಬಂತು, ಎಲ್ಲಾರೂ ಖುಷ್. ಬ್ರೇಕ್ ಒತ್ತಿದಾಗ ಗೊತ್ತಾತು ನೋಡ್ರಿ ಮಜಾ. ಸ್ಟಿಕ್ಕರ್ ಹೇಳೂದು 80 ಕಿಮೀ, 325ಐ ಕಾಲು ಮೈಲಿ ಮುಗಿಸೂದು 140ರ ಮ್ಯಾಲೆ, ಅಲ್ಲಿ ಬ್ರೇಕ್ ಹೊಡದ್ರ ಗಾಡಿ ಭಾರ ಎಲ್ಲಾ ಮುಂದ ಬಂದು ಅಂಗೈ ಅಗಲದ ರಬ್ಬರ್ ಮ್ಯಾಲೆ ಬೀಳ್ತೈತಿ. ಎಬಿಎಸ್ ಕಾಲಾಗ ಕಟಕಟ ಅನ್ನಾಕತ್ತು, ಮೂತಿ ಎಡಕ್ಕ ಎಳೀತು, ನಿಲ್ಲಬೇಕಾದ ಜಾಗದಿಂದ ಎಷ್ಟೋ ಮುಂದ ಹೋಗಿ ನಿಂತ್ವಿ. ಇಳದು ನೋಡಿದ್ರ ಟೈರ್ ಭುಜದ ಕಡೆ ರಬ್ಬರ್ ಕಿತ್ತು ಒಳಗಿನ ನೂಲು ಕಾಣಾಕತ್ತಿತ್ತು, ಮುಟ್ಟಿದ್ರ ಕೈ ಸುಡ್ತಿತ್ತು.

ಆಮ್ಯಾಲೆ "ಅಮೆರಿಕಾದವ್ರು ಹಾಕ್ತಾರಲ್ಲ" ಅಂತ ಒಬ್ಬ ದೋಸ್ತ ವಾದ ಹಚ್ಚಿದ. ಹಾಕ್ತಾರ, ಆದ್ರ ಪೂರ್ತಿ ನೋಡ್ರಿ: ಹಳೇ ಕಮ್ಯಾರೊ ಕಾರಿನ 15x4 ಇಂಚಿನ ಸ್ಟೆಪ್ನಿ ರಿಮ್ ಇಟ್ಕೊಂಡು ಅದರ ಟೈರ್ ಕಿತ್ತು ಒಗದು ಬೀಟಲ್ ಕಾರಿನ 165 ಆರ್15 ಥರದ ಖರೇ ಟೈರ್ ಹಚ್ಚಾವ್ರು ಬಾಳ ಮಂದಿ. ಅಲ್ಲಿ ಡ್ರ್ಯಾಗ್ ರೇಸ್ ನಡಸೂ ಸಂಸ್ಥೆ ಎನ್‌ಎಚ್‌ಆರ್‌ಎ, ಅದರ ರೂಲ್ ಬುಕ್ಕಿನ್ಯಾಗ ಟೆಂಪರರಿ ಸ್ಟೆಪ್ನಿ ಸೀದಾ ನಿಷೇಧ, ಟ್ರೇಲರ್ ಟೈರಿನ ಜೊತಿ ಒಂದ ಸಾಲಿನ್ಯಾಗ ಬರದಾರ.

ನಮ್ಮ ಕಡೆ 16 ಇಂಚಿನ ಆ ಕಡ್ಡಿ ರಿಮ್ಮಿಗೆ ಕೂಡೂ ಟೈರ್ ಇಲ್ಲ. ಹಂಗಾಗಿ ಗುಜರಿಗೆ ಬಂದ ಇ36ನ (ಇ46ಗಿಂತ ಹಿಂದಿನ ಬಿಎಂಡಬ್ಲ್ಯೂ) 15 ಇಂಚಿನ ಕಬ್ಬಿಣದ ರಿಮ್ ಎರಡು ತಗೊಂಡೆ, ಐದು ಸಾವಿರ. ಪಿಸಿಡಿ (ಬೋಲ್ಟ್ ತೂತುಗಳ ವರ್ತುಲದ ಅಳತಿ) ಎರಡಕ್ಕೂ ಒಂದ, 5x120, ಬೋಲ್ಟೂ ಒಂದ, ಎಂ12, 325ಐನ ಬ್ರೇಕ್ ಡಿಸ್ಕ್ ಒಳಗ ಕೂಡ್ತೈತಿ, ಕ್ಯಾಲಿಪರಿಗೂ ರಿಮ್ಮಿಗೂ ನಡುವ ಸಂದಿ ಸಾಕಷ್ಟು ಉಳೀತೈತಿ. 330ಐ ಇದ್ದಾವ್ರು ಪ್ರಯತ್ನನೂ ಮಾಡಬ್ಯಾಡ್ರಿ, ಡಿಸ್ಕ್ ದೊಡ್ಡದು. ಒಂದು ರಿಮ್ ಡೊಂಕಿತ್ತು, ನೆಟ್ಟಗ ಮಾಡಿ ಬ್ಯಾಲೆನ್ಸ್ ಮಾಡಸಾಕ ಸಾವಿರದೈನೂರು. ಅದರ ಮ್ಯಾಲೆ ಹೊಸಾ 175/65 ಆರ್15 84ಎಚ್: 84 ಅಂದ್ರ ಒಂದೊಂದು ಟೈರ್ 500 ಕೆಜಿ ಹೊರತೈತಿ, ಎಚ್ ಅಂದ್ರ 210 ಕಿಮೀ ತನಕ. ಎಲ್ಲಾ ಸೇರಿ ಹದಿನಾರು ಸಾವಿರ ಅಂದಾಜು, ಹೊರದೇಶದ ಡ್ರ್ಯಾಗ್ ಸೆಟ್ ತರಸಿದ್ರ ಕಸ್ಟಮ್ಸ್ ಸೇರಿ ಲಕ್ಷದ ಮಾತು. ಒಂದೊಂದು ಗಾಲಿ ಹದಿನಾರು ಕೆಜಿ ಬಂತು, ಸ್ಟೆಪ್ನಿಯಷ್ಟು ಹಗುರ ಅಲ್ಲ, ಬ್ರೇಕ್ ಮಾತ್ರ ನೆಟ್ಟಗ ಹಿಡೀತೈತಿ.

ಆದ್ರೂ ಮೊದ್ಲ ಟೈಮ್ ಇಳೀಲಿಲ್ಲ. ಮುಗಿಯೂ ಹೊತ್ತಿನ ಸ್ಪೀಡ್ ಏರೇತಿ, ಇಟಿ (ಶುರುವಿಂದ ಕೊನೀತನಕ ತಗೊಂಡ ಟೈಮ್) ಅಲ್ಲೇ ನಿಂತೇತಿ, ನಗಾವ್ರಿಗೆ ಮತ್ತ ಹಬ್ಬ. ಕಾರಣ ಗಾಲಿ ಎತ್ತರ. 225/45 ಆರ್17 ಎತ್ತರ 63 ಸೆಂಮೀ, ಇದು 61ಕ್ಕಿಂತ ಚೂರು ಕಡಿಮಿ, ಸಣ್ಣ ಗಾಲಿ ಸ್ಟಾರ್ಟ್ ಲೈನಿನ ಬೀಮ್ (ಬೆಳಕಿನ ಗೆರಿ) ಬಿಟ್ಟು ಲಗೂನ ಹೊರಗ ಬರ್ತೈತಿ, ಗಡಿಯಾರ ಅಷ್ಟು ಮೊದ್ಲ ಶುರು ಆಗ್ತೈತಿ. ಗಾಲಿ ಸ್ಟಾರ್ಟ್ ಲೈನಿಗೆ ಬಂತು ಅಂತ ತೋರಸೂ ಎರಡನೇ ಬಲ್ಬ್ ಬರೇ ಮಿಣಕ್ ಅಂದ ಕೂಡ್ಲೆ ಗಾಡಿ ನಿಲ್ಲಸೂದು ರೂಢಿ ಮಾಡ್ಕೊಂಡ ಮ್ಯಾಲೆ ಲೋಣಾವಳಾ ಹತ್ರದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ಪಿನ್ಯಾಗ 15.7 ಇದ್ದದ್ದು 15.5 ಹತ್ರ ಬಂತು. ಅದರಾಗ ಮುಂಜಾನಿ ಥಂಡಿ ಗಾಳೀದೂ ಪಾಲು ಐತಿ, ಸುಳ್ಳ್ಯಾಕ ಹೇಳ್ಲಿ.

ಸಪೂರ ಗಾಲಿ ಅಂದ್ರ ಮುಂಬೈದ ಪದ್ಮಿನಿ ಟ್ಯಾಕ್ಸಿ ನೆನಪಾಗ್ತಾವ, ಕಂಪನೀನ 5.20-14 ಕೊಟ್ಟಿತ್ತು, ನಮ್ಮ ಫ್ರಂಟ್ ರನ್ನರ್ (ಡ್ರ್ಯಾಗಿಗೆ ಮುಂದ ಹಚ್ಚೂ ಸಪೂರ ಗಾಲಿ) ಮನ್ಯಾಗ ಇದ್ದಂಗ! 2023ರ ಅಕ್ಟೋಬರಿನ್ಯಾಗ ಅವೂ ರೋಡ್ ಬಿಟ್ವು. ಉಳದ ಸ್ಟೆಪ್ನಿ ಜೋಡಿ ಒಮ್ಮೆ ಹಿಂದ ಹಚ್ಚಿ ನಿಂತಲ್ಲೇ ಆಕ್ಸಿಲರೇಟರ್ ಒತ್ತಿದ್ವಿ, ಹೊಗಿ ಮದವಿ ಮನಿ ಒಲಿ ಹಂಗ ಬಂತು, ಗಾಡಿ ಜಾಗಾ ಬಿಡ್ಲಿಲ್ಲ. ಮುಂದಿನ ಆಂಟಿ ರೋಲ್ ಬಾರ್ (ಗಾಡಿ ಓಲಾಡದಂಗ ಹಿಡಿಯೂ ಸಲಾಕಿ) ಲಿಂಕ್ ಬಿಚ್ಚಿನೂ ನೋಡೇವಿ, ಮೂತಿ ಎತ್ತತೈತಿ, ಟೈಮಿನ್ಯಾಗ ಫರಕ್ ಕಾಣ್ಲಿಲ್ಲ.

ಗಾಲಿ ಮನಿಯಿಂದ ಹಚ್ಕೊಂಡು ಹೋಗೂದಿಲ್ಲ, ಡಿಕ್ಕಿಯೊಳಗ ಒಯ್ದು ಅಲ್ಲೇ ಜ್ಯಾಕ್ ಹಚ್ಚಿ ಬದಲಿ, ಟಾರ್ಕ್ ರೆಂಚ್ 120 ಎನ್‌ಎಂ. ಮುಂದ ಗಾಳಿ ಸೈಡ್‌ವಾಲ್ ಮ್ಯಾಲಿನ ಲಿಮಿಟ್ ಒಳಗ 42 ಪಿಎಸ್‌ಐ. ಹಿಂದ ಎಷ್ಟು ಇಡ್ತೇನಿ, ಟೋ (ಗಾಲಿ ಒಳಗ-ಹೊರಗ ತಿರುಗಿದ ಕೋನ) ಎಷ್ಟು ಇಟ್ಟೀನಿ ಅನ್ನೂದು ಈ ಸೀಸನ್ ಮುಗದ ಮ್ಯಾಲೆ ಕೇಳ್ರಿ.