ಪಂಕ್ತಿಲಿ ಕೂರಿಸಿ ಬಿಪಿ ನೋಡಿದ್ದು: ಮೆಡಿಕಲ್ ಫಿಟ್‌ನೆಸ್ ಟೇಬಲ್‌ನಲ್ಲಿ ನನ್ನ ಅನುಭವ

ಸರ್ಕಾರಿ ಕೆಲಸಕ್ಕೆ ಆಯ್ಕೆ ಆದವರಿಗೆ ಸೇರೋಕೆ ಮುಂಚೆ ನಮ್ಮ ಆಸ್ಪತ್ರೆಲಿ ಮೆಡಿಕಲ್, ಅಂದ್ರೆ ಆರೋಗ್ಯ ತಪಾಸಣೆ, ಮಾಡ್ತೀವಿ. ಈ ಸಲದ ಲಿಸ್ಟಲ್ಲಿ 170 ಚಿಲ್ಲರೆ ಜನಕ್ಕೆ ಆಯ್ತು, ಅದರಲ್ಲಿ ಬಿಪಿ ಜಾಸ್ತಿ ಅಂತ ವಾಪಸ್ ಕಳಿಸಿದ್ದು ಬರೀ 6 ಜನ. ಹಿಂದೆ ಆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳ ನೇಮಕಾತಿ ಆದಾಗ ನಮ್ಮ ಆಸ್ಪತ್ರೆಗೆ ಬಂದವರಲ್ಲಿ ಮೊದಲನೇ ದಿನವೇ 62ಕ್ಕೆ 19 ಜನರ ಫಾರಂ ಮೇಲೆ ಬಿಪಿ ಜಾಸ್ತಿ, ಟೆಂಪರರಿ ಅನ್‌ಫಿಟ್ (ಸದ್ಯಕ್ಕೆ ಅನರ್ಹ) ಅಂತ ಬಿದ್ದಿತ್ತು. ಹದಿನೈದು ದಿನ ಬಿಟ್ಟು ಅವರು ಮತ್ತೆ ಬಂದಾಗ ನೋಡಿದ್ರೆ 17 ಜನಕ್ಕೆ ನಾರ್ಮಲ್. ಮಾತ್ರೆ ಇಲ್ಲ ಪಥ್ಯ ಇಲ್ಲ, ಸುಮ್ನೆ ನಾರ್ಮಲ್. ಅವತ್ತೇ ನಂಗೆ ಅನ್ಸಿದ್ದು, ಕಾಯಿಲೆ ಅವರ ಹತ್ರ ಇಲ್ಲ, ನಮ್ಮ ಟೇಬಲ್ ಹತ್ರ ಇದೆ ಅಂತ.

ನಾನು ನರ್ಸಿಂಗ್ ಆಫೀಸರ್, ಸರ್ವಿಸ್ 20 ವರ್ಷ ದಾಟಿದೆ, ಅದರಲ್ಲಿ ಮೆಡಿಕಲ್ ಬೋರ್ಡ್ (ಫಿಟ್ಟಾ ಅಲ್ವಾ ಅಂತ ತೀರ್ಮಾನ ಮಾಡೋ ಡಾಕ್ಟರ್‌ಗಳ ತಂಡ) ದಿನದ ಬಿಪಿ ಟೇಬಲ್ ನಂದೇ ಅಂತ ಒಂದು ಹತ್ತು ವರ್ಷ ಆಗಿರಬಹುದು. ಫಾರಂ, ರಿಜಿಸ್ಟರ್, ಯಾವ ಗ್ರೂಪಿನ ಹುದ್ದೆಗೆ ಬೋರ್ಡು ಯಾವ ಗ್ರೂಪಿಗೆ ಒಬ್ಬರೇ ಡಾಕ್ಟರ್ ಸೈನು ಅನ್ನೋದೆಲ್ಲ ಬೇರೆ ಆಸ್ಪತ್ರೆಗಳಲ್ಲಿ ಇದೇ ಕೆಲಸ ಮಾಡೋ ನಿಮಗೂ ಗೊತ್ತಿರೋದೆ, ಅದನ್ನ ಬರೆಯಲ್ಲ.

ನಮ್ಮಲ್ಲಿ ಆಗ ಹೇಗಿತ್ತು ಅಂದ್ರೆ, ಕೆಳಗಡೆ ಕೌಂಟರಲ್ಲಿ ಚೀಟಿ ಮಾಡಿಸಿ, 42 ಮೆಟ್ಟಿಲು ಹತ್ತಿ (ನಾನು ಎಣಿಸಿದೀನಿ) ಎರಡನೇ ಫ್ಲೋರಿಗೆ ಬಂದು, ಅಲ್ಲಿ ಒಂದು ಗಂಟೆ ನಿಂತು, ಹೆಸರು ಕೂಗಿದ ತಕ್ಷಣ ಓಡಿ ಬಂದು ಸ್ಟೂಲ್ ಮೇಲೆ ಕೂರಬೇಕು. ಬೆನ್ನಿಗೆ ಆಸರೆ ಇಲ್ಲ, ಕೈ ಗಾಳಿಲಿ ಜೋತಾಡ್ತಿರತ್ತೆ. ಯೂರಿನ್ ಸ್ಯಾಂಪಲ್ ಕೊಡಬೇಕಲ್ಲ ಅಂತ ಬೆಳಗಿನಿಂದ ತಡ್ಕೊಂಡಿರ್ತಾರೆ. ರಾತ್ರಿ ಬಸ್ಸಲ್ಲಿ ನಿದ್ದೆ ಇಲ್ಲ, ರಕ್ತ ಕೊಡಬೇಕು ಅಂತ ಹೊಟ್ಟೆಗೂ ಏನಿಲ್ಲ. ಇದೆಲ್ಲ ಸಾಲದು ಅಂತ ಕಫ್‌ಗೆ (ಬಿಪಿ ನೋಡೋಕೆ ತೋಳಿಗೆ ಕಟ್ಟೋ ಪಟ್ಟಿ) ಗಾಳಿ ತುಂಬ್ತಿರೋವಾಗ್ಲೇ ಪಕ್ಕದಲ್ಲಿ ನಮ್ಮ ಕ್ಲರ್ಕ್ ಫಾರಂ ತುಂಬಿಸ್ತಾ ತಂದೆ ಹೆಸರೇನು, ರಿಜಿಸ್ಟರ್ ನಂಬರ್ ಎಷ್ಟು, ಯಾವ ಇಲಾಖೆ ಅಂತ ಕೇಳ್ತಾ ಇರ್ತಿದ್ರು. ಮಾತಾಡ್ತಾ ಇದ್ರೆ ಬಿಪಿ ಏರತ್ತೆ, ನರ್ಸಿಂಗ್ ಮೊದಲನೇ ವರ್ಷದಲ್ಲೇ ನಾವೆಲ್ಲ ಓದಿರ್ತೀವಿ, ಆದ್ರೆ ರಶ್ಶಲ್ಲಿ ಯಾರಿಗೆ ನೆನಪಿರತ್ತೆ?

ಮೊದಲು ನಾನು ಮಾಡಿದ ಪ್ರಯತ್ನಗಳು ಒಂದೂ ಕೈ ಹಿಡೀಲಿಲ್ಲ. ಜಾಸ್ತಿ ಬಂದವರಿಗೆ ಅಲ್ಲೇ ಮೂರು ಸಲ ನೋಡೋಣ ಅಂತ ಶುರು ಮಾಡಿದೆ, ಎರಡನೇ ಸಲ ಕಫ್ ಕಟ್ಟಿದ ಕೂಡ್ಲೇ ಆ ಹುಡುಗರ ಮುಖ ಬಿಳಿಚ್ಕೊಳ್ಳೋದು, 146 ಇದ್ದಿದ್ದು 154 ಆಗೋದು, ಕ್ಯೂ ಹಾಗೇ ನಿಲ್ಲೋದು. ಸಾಯಂಕಾಲ ಐದಕ್ಕೆ ಇನ್ನೂ 20 ಜನ ಬಾಕಿ, ಅವರೆಲ್ಲ ಲಾಡ್ಜ್ ಮಾಡ್ಕೊಂಡು ಮಾರನೇ ದಿನ ಬರಬೇಕಾಯ್ತು, ಡಾಕ್ಟರ್ ಹತ್ರ ನಾನು ಚೆನ್ನಾಗಿ ಬೈಸ್ಕೊಂಡೆ. ಆಮೇಲೆ ಟೋಕನ್ ಕೊಟ್ಟು ಕಾರಿಡಾರ್ ಬೆಂಚ್ ಮೇಲೆ ಕೂರಿಸಿ ನೋಡಿದೆ. ಆ ಬೆಂಚು ಇಂಜೆಕ್ಷನ್ ರೂಮಿನ ಎದುರಿಗೇ, ಮಕ್ಕಳು ಕಿರುಚ್ತಾ ಇರ್ತವೆ, ಅಲ್ಲಿ ಕೂತ್ರೆ ನನಗೇ ಬಿಪಿ ಬರತ್ತೆ. ಟೋಕನ್ನೂ ಅಷ್ಟೇ, ಬಸ್ಸಿಗೆ ಲೇಟಾಯ್ತು ಅನ್ನೋರು ಇನ್ನೊಬ್ಬರ ಹತ್ರ ಬದಲಾಯಿಸ್ಕೊಂಡು ರಿಜಿಸ್ಟರ್ ಎಲ್ಲ ಹಿಂದುಮುಂದು.

ಇದರ ಮಧ್ಯ ನಮ್ಮ ಸ್ಟಾಫ್ ಮೇಲೇ ಒಂದು ಪ್ರಯೋಗ ಮಾಡಿದ್ದೆ. 11 ಜನ, ಎಲ್ಲರೂ ನಾರ್ಮಲ್ ಇರೋರು. ಒಂದು ದಿನ ಮೆಟ್ಟಿಲು ಹತ್ತಿದ ತಕ್ಷಣ, ಒಂದು ದಿನ ಐದು ನಿಮಿಷ ಕೂತ ಮೇಲೆ, ಒಂದು ದಿನ ಮಾತಾಡಿಸ್ತಾ, ಒಂದು ದಿನ ಕಾಫಿ ಕುಡಿದ ಮೇಲೆ. ಚೀಟಿ ಕಳೆದುಹೋಗಿದೆ, ನೆನಪಿರೋ ಲೆಕ್ಕ ಹೇಳ್ತೀನಿ. ಮಾತಾಡಿಸಿದಾಗ ಬಿಪಿಯ ಮೇಲಿನ ನಂಬರ್ 8-10 ಜಾಸ್ತಿ, ಮೆಟ್ಟಿಲು ಹತ್ತಿ ಬಂದಾಗ ಕೆಲವರಿಗೆ 20ರ ಹತ್ರ ಜಾಸ್ತಿ. ಕಾಫಿದು ನಂಗೆ ಅರ್ಥ ಆಗ್ಲಿಲ್ಲ, ದಿನಾ ನಾಕು ಲೋಟ ಕುಡಿಯೋರಿಗೆ ಏನೂ ಆಗ್ಲಿಲ್ಲ, ಕುಡಿಯದೇ ಇದ್ದ ಇಬ್ಬರಿಗೆ ಏರಿತ್ತು. ಬಿಪಿ ಜಾಸ್ತಿ ಅನ್ನೋ 140/90ರ ಗೆರೆ ಹತ್ರ ನಿಂತಿರೋ ಹುಡುಗನಿಗೆ ಈ 10 ಪಾಯಿಂಟೇ ಕೆಲಸದ ಪ್ರಶ್ನೆ, ಯೋಚನೆ ಮಾಡಿ.

ಕೊನೆಗೆ ಹೊಳೆದಿದ್ದು ಒಂದು ಗೃಹಪ್ರವೇಶದ ಊಟದಲ್ಲಿ. ಎಲ್ಲರೂ ಸಾಲಾಗಿ ಕೂತಿದ್ರು, ಬಡಿಸೋರು ಓಡಾಡ್ತಿದ್ರು. ಅಲ್ವಾ ಮತ್ತೆ, ನಾವ್ಯಾಕೆ ಮನುಷ್ಯರನ್ನ ಮೆಷಿನ್ ಹತ್ರ ಓಡಿಸ್ತಿದೀವಿ, ಮೆಷಿನ್ನೇ ಅವರ ಹತ್ರ ಹೋಗಲಿ ಅಂತ. ಆಸ್ಪತ್ರೆ ಹಿಂದಗಡೆ ಒಂದು ವರಾಂಡ ಇದೆ, ಪಕ್ಕದಲ್ಲೇ ಹೊಂಗೆ ಮರ, ಆ ಕಡೆ ಯಾರೂ ಬರಲ್ಲ. ಅಲ್ಲಿ 12 ಕುರ್ಚಿ, ಬೆನ್ನು ಇರೋವು, ಪ್ರತಿ ಎರಡು ಕುರ್ಚಿ ಮಧ್ಯ ಕೈ ಇಡೋಕೆ ಒಂದು ಸ್ಟೂಲು. ಹಿರಿಯ ಡಾಕ್ಟರ್ ಒಬ್ಬರು ನೋಡಿ "ಏನ್ ಸಿಸ್ಟರ್, ಮದುವೆ ಪಂಕ್ತಿನಾ ಇದು, ಪಾಯಸ ಯಾವಾಗ?" ಅಂದ್ರು, ಎಲ್ಲರೂ ನಕ್ರು. ಇನ್ನೊಬ್ರು ಹೀಗೆ ಕೂರಿಸ್ತಾ ಹೋದ್ರೆ ದಿನಕ್ಕೆ 20 ಜನನೂ ಮುಗಿಯಲ್ಲ ಅಂತ ಬೆಟ್ ಕಟ್ಟೋಕೆ ರೆಡಿ ಇದ್ರು.

ಕ್ರಮ ಹೀಗೆ. ಬಂದ ತಕ್ಷಣ ಮೊದಲು ಯೂರಿನ್ ಬಾಟಲ್ ಕೊಟ್ಟು ಕಳಿಸೋದು, ಸ್ಯಾಂಪಲ್ಲೂ ಆಯ್ತು, ಮೂತ್ರಕೋಶನೂ ಖಾಲಿ. ಆಮೇಲೆ ರಕ್ತ, ಆಮೇಲೆ ಕಡ್ಡಾಯ ತಿಂಡಿ. ತಿಂದು ಬಂದು ಅರ್ಧ ಗಂಟೆ ಆದ ಮೇಲೆ ಪಂಕ್ತಿ. ಹನ್ನೆರಡೂ ಜನ ಒಟ್ಟಿಗೆ ಕೂರ್ತಾರೆ, ಫೋನು ಬ್ಯಾಗಲ್ಲಿ, ಕಾಲು ನೆಲದ ಮೇಲೆ, ಕಾಲ ಮೇಲೆ ಕಾಲು ಹಾಕೋ ಹಾಗಿಲ್ಲ. ಐದು ನಿಮಿಷ ಯಾರೂ ಅವರನ್ನ ಮಾತಾಡಿಸಲ್ಲ. ಆಮೇಲೆ "ಏಳ್ಬೇಡ್ರಪ್ಪ, ನಾನೇ ಬರ್ತೀನಿ" ಅಂತ ಟ್ರಾಲಿ ತಳ್ಕೊಂಡು ಹೊರಡೋದು, ಆ ತುದಿಯಿಂದ ಒಬ್ಬಳು ಸ್ಟೂಡೆಂಟ್, ಈ ತುದಿಯಿಂದ ನಾನು. ಜಾಸ್ತಿ ಬಂದವರಿಗೆ ಅಯ್ಯೋ ಅನ್ನಲ್ಲ, ನಂಬರ್ ಬಾಯಿ ಬಿಟ್ಟು ಹೇಳಲ್ಲ, ಮುಂದೆ ಹೋಗಿ ಒಂದು ಸುತ್ತು ಮುಗಿಸಿ ಮತ್ತೆ ಅವರ ಹತ್ರ ಬರೋದು. ಮೂರನೇ ಸುತ್ತು ಬೇಕಾದವರು ಅಲ್ಲೇ ಇರ್ತಾರೆ, ಮುಂದಿನ ಪಂಕ್ತಿ ಜೊತೆ ನೋಡ್ತೀವಿ. ಕ್ಲರ್ಕ್ ಟೇಬಲನ್ನ ಕೆಳಗಿನ ಕೌಂಟರಿಗೇ ಸಾಗಿಸಿದ್ವಿ, ಅದಕ್ಕೆ ಅವರು ಒಂದು ವಾರ ನನ್ನ ಹತ್ರ ಮಾತು ಬಿಟ್ಟಿದ್ರು.

ಒಂದು ಪಂಕ್ತಿಗೆ ಸುಮಾರು 25 ನಿಮಿಷ. ಮೊದಲನೇ ದಿನ 58 ಜನ, ಮಧ್ಯಾಹ್ನ ಊಟದ ಹೊತ್ತಿಗೆ ಬಿಪಿ ಮುಗಿದಿತ್ತು. ಹಳೇ ಕ್ರಮದಲ್ಲಿ ಇಷ್ಟೇ ಜನಕ್ಕೆ ನಾಕು ಗಂಟೆ ತನಕ ಎಳೀತಿತ್ತು, ಯಾಕಂದ್ರೆ ಆಗ ಒಬ್ಬೊಬ್ಬರ ಕಾಯೋ ಟೈಮು ಬೇರೆ ಬೇರೆ, ಈಗ ಹನ್ನೆರಡೂ ಜನರದ್ದು ಒಂದೇ ಐದು ನಿಮಿಷದಲ್ಲಿ ಮುಗಿಯತ್ತೆ. ಬೆಟ್ ಕಟ್ಟೋಕೆ ಬಂದವರು ಈಗ ತಮ್ಮ ಓಪಿಡಿಲೂ ಬೆನ್ನಿರೋ ಕುರ್ಚಿ ಹಾಕಿಸ್ಕೊಂಡಿದಾರೆ, ಅದು ನನಗೆ ಸಂತೋಷ.

ದುಡ್ಡಿನ ವಿಷಯಕ್ಕೆ ಬರೋಣ. ಕುರ್ಚಿ ಶಾಮಿಯಾನದವರ ಹತ್ರ ಬಾಡಿಗೆ, ಒಂದಕ್ಕೆ ದಿನಕ್ಕೆ 8 ರೂಪಾಯಿ. ದೊಡ್ಡ ಕಫ್ ಎರಡು, ಒಂದೊಂದು ಆರುನೂರು ಚಿಲ್ಲರೆ. ಈ ದೊಡ್ಡ ಕಫ್ ವಿಷಯದಲ್ಲಿ ಮಾತ್ರ ಜಿಪುಣತನ ಮಾಡ್ಬೇಡಿ. ಜಿಮ್ ಮಾಡಿ ತೋಳು ದಪ್ಪ ಇರೋ ಹುಡುಗರಿಗೆ, ಮೈ ಇರೋ ಹೆಣ್ಮಕ್ಕಳಿಗೆ ಮಾಮೂಲಿ ಕಫ್ ಕಟ್ಟಿದ್ರೆ ಸುಳ್ಳು ಬಿಪಿ ತೋರ್ಸತ್ತೆ, ತೋಳಿನ ಸುತ್ತಳತೆ 32 ಸೆಂಟಿಮೀಟರ್ ದಾಟಿದ್ರೆ ನಾನು ಯೋಚನೆನೇ ಮಾಡದೆ ದೊಡ್ಡದು ತಗೋತೀನಿ. ಟೈಲರ್ ಟೇಪು 15 ರೂಪಾಯಿ. ಎಲ್ಲ ಸೇರಿ ನಾಕು ಸಾವಿರದ ಹತ್ರ ನನ್ನ ಕೈಯಿಂದ ಹೋಯ್ತು, ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಿಂದ 2,600 ವಾಪಸ್ ಬಂತು, ಅದೂ ನಾಕು ತಿಂಗಳಾದ ಮೇಲೆ. ಬಿಲ್ ಇಲ್ಲದ್ದಕ್ಕೆ ಕೊಡಲಿಲ್ಲ, ಬಿಲ್ ಇಟ್ಕೊಳ್ಳಿ.

ಕಣ್ಣಿನ ಟೇಬಲ್ ನಂದಲ್ಲ, ಆದ್ರೂ ಕೈ ಹಾಕಿದೆ. ರೂಮು 3 ಮೀಟರ್ ಚಿಲ್ಲರೆ, ಚಾರ್ಟ್ ಓದಿಸೋಕೆ 6 ಮೀಟರ್ ಬೇಕು. ಗೋಡೆಗೆ ಕನ್ನಡಿ ಹಾಕಿ ಅದರಲ್ಲಿ ಚಾರ್ಟ್ ಓದಿಸಿದ್ರೆ ದೂರ ಎರಡರಷ್ಟು ಆಯ್ತಲ್ಲ ಅಂತ 1,100 ಕೊಟ್ಟು ಕನ್ನಡಿ ತಂದೆ, ಚಾರ್ಟ್ ಮಾತ್ರ ಮಾಮೂಲಿ ಚಾರ್ಟೇ, ಕನ್ನಡಿಲಿ ಅಕ್ಷರ ಎಲ್ಲ ತಿರುಗುಮುರುಗು. ಕನ್ನಡಿಗೆ ಅಂತಲೇ ಉಲ್ಟಾ ಪ್ರಿಂಟ್ ಆಗಿರೋ ಚಾರ್ಟ್ ಬೇಕು, ಅದನ್ನ ತರಿಸೋಕೆ ಮತ್ತೆ ಮುನ್ನೂರು, ಎರಡು ವಾರ. ಬಣ್ಣ ಗುರುತಿಸ್ತಾರಾ ಅಂತ ನೋಡೋ ಬಣ್ಣದ ಚುಕ್ಕಿಗಳ ಪುಸ್ತಕನೂ ಹಾಗೇ. ಯಾರೋ ಹಿಂದೆ ಕಲರ್ ಜೆರಾಕ್ಸ್ ಮಾಡಿಸಿಟ್ಟಿದ್ರು, ಅದರಲ್ಲಿ ನಮ್ಮ ನೇತ್ರಾಧಿಕಾರಿನೇ ಎರಡು ಪ್ಲೇಟ್ (ಚುಕ್ಕಿ ಚಿತ್ರದ ಪುಟ) ತಪ್ಪು ಓದಿದ್ರು. ಬಣ್ಣ ನಂಬೋ ಹಾಗಿಲ್ಲ, ಅಸಲಿ ಪುಸ್ತಕನೇ ಬೇಕು, ಹಳದಿ ಬಲ್ಬ್ ಕೆಳಗೆ ನೋಡಿಸಬಾರದು, ಕಿಟಕಿ ಬೆಳಕಲ್ಲಿ ನೋಡಿಸಬೇಕು, ಕೆಲಸ ಆದ ಮೇಲೆ ಮುಚ್ಚಿಡಬೇಕು, ಬೆರಳಿಟ್ಟು ತೋರಿಸೋಕೆ ಬಿಡಬಾರದು. ಪ್ಲೇಟುಗಳನ್ನ ಬಾಯಿಪಾಠ ಮಾಡ್ಕೊಂಡು ಬರೋರು ಇದಾರೆ, ಪುಟ ಹಿಂದುಮುಂದು ಮಾಡೋದಂತೂ ಎಲ್ಲರಿಗೂ ಗೊತ್ತು. ಅವರನ್ನ ಹಿಡಿಯೋಕೆ ನಾನೂ ನೇತ್ರಾಧಿಕಾರಿನೂ ಇನ್ನೊಂದು ಉಪಾಯ ಇಟ್ಕೊಂಡಿದೀವಿ, ಯೂರಿನ್ ಬಾಟಲಿಗೂ ಒಂದು ಇದೆ. ಅದೆರಡನ್ನ ಇಲ್ಲಿ ಬರೆಯಲ್ಲ, ಕ್ಯಾಂಡಿಡೇಟ್‌ಗಳೂ ಓದ್ತಾರೆ. ನಮ್ಮ ಇಲಾಖೆಯವರು ಎದುರಿಗೆ ಸಿಕ್ಕಾಗ ಕೇಳಿ, ಹೇಳ್ತೀನಿ.

ಯೂರಿನ್ನಲ್ಲಿ ಆಲ್ಬುಮಿನ್ (ಒಂದು ಪ್ರೋಟೀನ್) ಬಂದ್ರೆ ಗಾಬರಿ ಆಗೋಕೆ ಮುಂಚೆ ಒಂದು ಮಾತು ಕೇಳಿ, ಬೆಳಿಗ್ಗೆ ಓಡಿದ್ಯಾ ಅಂತ. ಪೊಲೀಸ್ ಲಿಸ್ಟಿನ ಹುಡುಗರು ಅಭ್ಯಾಸ ಬಿಡಬಾರದು ಅಂತ ಮುಂಜಾನೆ ಐದಾರು ಕಿಲೋಮೀಟರ್ ಓಡಿ ನೇರ ಇಲ್ಲಿಗೆ ಬರ್ತಾರೆ, ಓಡಿದ ಮೇಲೆ ಸ್ವಲ್ಪ ಆಲ್ಬುಮಿನ್ ಬರೋದು ಸಹಜ, ಎರಡು ದಿನ ಬಿಟ್ಟು ನೋಡಿದ್ರೆ ಇರಲ್ಲ. ಹೆಣ್ಮಕ್ಕಳ ಹತ್ರ ಪಿರಿಯಡ್ಸ್ ಇದೆಯಾ ಅಂತ ಮರೆಯಲ್ಲಿ ಕರೆದು ಕೇಳಬೇಕು, ಎಕ್ಸ್‌ರೇಗೆ ಮುಂಚೆ ಬಸುರಿನಾ ಅಂತನೂ. ಯೂರಿನ್ ನೋಡೋ ಸ್ಟ್ರಿಪ್ ಡಬ್ಬಿ ಮುಚ್ಚಳ ತೆಗೆದಿಟ್ರೆ ಸ್ಟ್ರಿಪ್ ಹಾಳಾಗತ್ತೆ, ಒಂದು ಮಳೆಗಾಲದಲ್ಲಿ ನಮ್ಮದೊಂದು ಡಬ್ಬಿ ಪೂರ್ತಿ ಹೋಯ್ತು.

ಇನ್ನೊಂದು, ಇದನ್ನ ಜೋರಾಗೇ ಹೇಳ್ತೀನಿ. ರಕ್ತದ ಪಟ್ಟಿಲಿ ಎಚ್‌ಐವಿನೂ ಸೇರಿಸಿ ಬರೆಯೋ ಅಭ್ಯಾಸ ನಮ್ಮಲ್ಲಿ ಇತ್ತು, ಯಾರೂ ಕೇಳಿರಲಿಲ್ಲ, ಹಳೇ ಫಾರಂ ನೋಡಿ ಹಾಗೇ ಬರೀತಾ ಬಂದಿದ್ರು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರಿಂದ ಜಾರಿಲಿದೆ, ಕೆಲಸ ಕೊಡೋಕೆ ಎಚ್‌ಐವಿ ಟೆಸ್ಟ್ ಷರತ್ತು ಹಾಕೋ ಹಾಗೇ ಇಲ್ಲ. ನಮ್ಮ ಕೌನ್ಸೆಲರ್ ಕಾಯ್ದೆ ಪ್ರತಿ ತಂದು ಟೇಬಲ್ ಮೇಲಿಟ್ಟ ಮೇಲೆ ಆ ಸಾಲನ್ನ ಹೊಡೆದು ಹಾಕಿದ್ವಿ. ನಿಮ್ಮ ಫಾರಂ ಒಂದು ಸಲ ತೆಗೆದು ನೋಡ್ಕೊಳ್ಳಿ.

ಮಾತ್ರೆ ನುಂಗಿ ಬರೋರ ಕಥೆ ಹೇಳ್ಲೇಬೇಕು. ಬಿಪಿ ಭಯಕ್ಕೆ ಗೆಳೆಯರು ಹೇಳಿದ್ರು ಅಂತ ಮೆಡಿಕಲ್ ಶಾಪಲ್ಲಿ ಎದೆ ಬಡಿತ ಇಳಿಸೋ ಮಾತ್ರೆ ತಗೊಂಡು ನುಂಗಿರ್ತಾರೆ. ಹಿಂದಿನ ಸಲ ಒಬ್ಬ ಹುಡುಗ ಪಂಕ್ತಿಲಿ ಕೂತಿದ್ದ, ನಾಡಿ 48, ತೀರಾ ಕಮ್ಮಿ, ಬಿಪಿ ಸೊಗಸಾಗಿದೆ, ಆದ್ರೆ ಉಸಿರು ಸುಯ್ ಸುಯ್ ಅಂತಿದೆ. ಚಿಕ್ಕಂದಿನಿಂದ ಅಸ್ತಮಾ ಅಂತೆ. ಅಸ್ತಮಾದವರಿಗೆ ಆ ಜಾತಿ ಮಾತ್ರೆ ಎಷ್ಟು ಅಪಾಯ ಅಂತ ನಿಮಗೆ ಹೇಳ್ಬೇಕಿಲ್ಲ. ನೆಬುಲೈಸೇಶನ್ ಹಾಕಿ, ಸಾಯಂಕಾಲದ ತನಕ ಮಲಗಿಸಿ ಕಳಿಸಿದ್ವಿ. ಮಾತ್ರೆ ಪ್ರಭಾವ ಎಲ್ಲ ಹೋದ ಮೇಲೆ ಒಂದು ವಾರ ಬಿಟ್ಟು ಬಂದ, 126/80. ಆ ಮಾತ್ರೆ ಅವನಿಗೆ ಬೇಕೇ ಇರಲಿಲ್ಲ. ಹಳೇ ಕ್ಯೂ ಆಗಿದ್ರೆ ನಾಡಿ ಬರ್ಕೊಂಡು ಮುಂದೆ ಕಳಿಸ್ತಿದ್ದೆ, ಅವನು ಹೊರಗೆ ಎಲ್ಲೋ ಬಿದ್ದಿರ್ತಿದ್ದ. ಈಗ ಕೂತ ತಕ್ಷಣ ಎಲ್ಲರಿಗೂ ಕೇಳ್ತೀನಿ, "ಏನಾದ್ರೂ ನುಂಗಿದ್ರೆ ಹೇಳಿ, ಅನ್‌ಫಿಟ್ ಬರೆಯಲ್ಲ, ಇನ್ನೊಂದು ದಿನ ಕೊಡ್ತೀವಿ" ಅಂತ. ಮೂರ್ನಾಕು ಜನ ಹೇಳ್ತಾರೆ.

ಈ ಸಲದ ಆರು ಜನರಲ್ಲಿ ಒಬ್ಬ, 27 ವರ್ಷ. ಪಂಕ್ತಿಲಿ ಮೂರು ಸುತ್ತು ನೋಡಿದ್ರೂ 180/110, ಯೂರಿನ್ನಲ್ಲಿ ಆಲ್ಬುಮಿನ್ ಮೂರು ಪ್ಲಸ್, ಅಂದ್ರೆ ತುಂಬಾ ಜಾಸ್ತಿ, ಓಡಿ ಬಂದವನೂ ಅಲ್ಲ. ಹಿಂದೆ ಬೇರೆ ಕಡೆ ಯಾವುದೋ ಪರೀಕ್ಷೆಗೆ ಹೋದಾಗ ಟೆನ್ಶನ್‌ಗೆ ಬಂದಿದೆ ಅಂತ ಹೇಳಿ ಕಳಿಸಿದ್ರಂತೆ. 19 ಜನರ ಗುಂಪಲ್ಲಿ ಇದ್ದಿದ್ರೆ ನಾವೂ ಹಾಗೇ ಅಂತಿದ್ವೇನೋ, ಆರರಲ್ಲಿ ಎದ್ದು ಕಂಡ. ಬೆಂಗಳೂರಿಗೆ ಕಳಿಸಿದ್ವಿ, ಕಿಡ್ನಿ ತೊಂದರೆ ಶುರುವಲ್ಲೇ ಸಿಕ್ತು. ಮೂರು ತಿಂಗಳು ಟ್ರೀಟ್‌ಮೆಂಟ್ ಆದ ಮೇಲೆ ಬೋರ್ಡ್ ಅವನನ್ನ ಫಿಟ್ ಮಾಡ್ತು, ಡ್ಯೂಟಿಗೆ ಸೇರಿದ್ದಾನೆ. ಅವರಮ್ಮ ಒಂದು ಚೀಲ ಮಾವಿನಕಾಯಿ ತಂದುಕೊಟ್ಟು ಹೋದ್ರು, ಆ ವಾರ ನಮ್ಮ ವಾರ್ಡಿನವರೆಲ್ಲರ ಮನೇಲೂ ಮಾವಿನಕಾಯಿ ಚಿತ್ರಾನ್ನವೇ.

ಸದ್ಯಕ್ಕೆ ಕಿವಿ ಟೇಬಲ್ ಉಳ್ಕೊಂಡಿದೆ. ಆರು ಮೀಟರ್ ದೂರದಿಂದ ಪಿಸುಗುಟ್ಟಿದ್ದು ಕೇಳತ್ತಾ ಅಂತ ನೋಡಬೇಕು, ಆ ಗಲಾಟೇಲಿ ಪಿಸುಮಾತು ಯಾರಿಗೆ ಕೇಳತ್ತೆ, ಲಿನನ್ ಸ್ಟೋರ್ ರೂಮಲ್ಲಿ ಬಟ್ಟೆ ಗಂಟುಗಳ ಮಧ್ಯ ನಿಲ್ಲಿಸಿ ನೋಡ್ತಾ ಇದೀನಿ, ಸದ್ದು ಕಮ್ಮಿ ಇದೆ ಆದ್ರೆ ಆರು ಮೀಟರ್ ಸಿಗ್ತಿಲ್ಲ, ಬಾಗಿಲು ತೆಗೆದ್ರೆ ಸಿಗತ್ತೆ, ತೆಗೆದ್ರೆ ಇಂಜೆಕ್ಷನ್ ರೂಮಿನ ಅಳು ಒಳಗೆ ಬರತ್ತೆ. ಯಾರಾದ್ರೂ ಇದನ್ನ ಕಮ್ಮಿ ಖರ್ಚಲ್ಲಿ ಸರಿ ಮಾಡಿದ್ರೆ ಹೇಗೆ ಅಂತ ಬರೀರಿ.